ಏಳು ಸುತ್ತಿನ ಬಿರಡೆ

ಎಂಟು ಮೀಟರ್ ನೀರಿನಲ್ಲಿ ಪಳಗಿದ ಮುಳುಗುಗಾರ ಸಾಯುವುದಿಲ್ಲ. ಸಾಯಲೇಬೇಕೆಂದು ಹಟ ಹಿಡಿದರೂ ಕಷ್ಟ. ತಲೆ ಎತ್ತಿದರೆ ದೋಣಿಯ ತಳ ಕಾಣುತ್ತದೆ. ಅಂಚಿನಿಂದ ಕಾಲು ಇಳಿಬಿಟ್ಟು ಕೂತವರ ಹಿಮ್ಮಡಿ ಒಡೆದಿದೆಯೋ ಇಲ್ಲವೋ ಎಂದೂ ಕೆಳಗಿನಿಂದಲೇ ಹೇಳಬಹುದು.

ಆದರೂ ನಿನ್ನೆ ಬೆಳಿಗ್ಗೆ ನೋಮಿಕೋಸ್ ಇಲ್ಲೇ, ಕಮಾರ ಬಂಡೆಯ ಕಮಾನಿನ ಕೆಳಗೆ, ಸತ್ತಿದ್ದ. ಅವನ ಮುಳುಗು ಶಾಲೆಯ ಶಿಕ್ಷಕಿ ಅರ್ಗಿರೋ ನಮ್ಮ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಇವತ್ತು ಮೂರು ಗಂಟೆಯ ಹಡಗಿಗೆ ಅವಳನ್ನು ಕೋಸ್ ದ್ವೀಪಕ್ಕೆ, ಸರ್ಕಾರಿ ವಕೀಲರ ಮುಂದೆ ಕಳಿಸಬೇಕೆಂದು ಮೇಲಿನವರ ಅಪ್ಪಣೆ. ಕಳಿಸುವ ಕಾಗದಕ್ಕೆ ಸಹಿ ಹಾಕಬೇಕಾದವಳು ಕಾಲಿಮ್ನೋಸ್ ದ್ವೀಪದ ಬಂದರು ಪೊಲೀಸಿನ ಥೆಮೆಲೀನಾ, ಅಂದರೆ ನಾನು.

ಸಹಿ ಹಾಕುವ ಮೊದಲು ಒಂದು ಸಲ ಕಣ್ಣಾರೆ ನೋಡಿಬಿಡೋಣವೆಂದು ಇಳಿದಿದ್ದೆ. ನನಗೆ ಐವತ್ತನಾಲ್ಕು. ಆಗಸ್ಟ್ ಹುಟ್ಟಿದ ಮೇಲೆ ಒಂದು ದಿನ ರಜೆ ಕಂಡಿಲ್ಲ. ಹಡಗು ಇಳಿಯುವ ಜನ, ಹಡಗು ಹತ್ತುವ ಜನ, ಪಾಸ್‌ಪೋರ್ಟ್ ಕಳೆದುಕೊಂಡು ಅಳುವ ಜನ. ನೀರಿನೊಳಗೆ ಎಡಮಂಡಿ ನೋಯುವುದಿಲ್ಲ ಎನ್ನುವುದೊಂದೇ ಸುಖ.

ಕಮಾರ ಅಂದರೆ ಅಂಥದ್ದೇನಿಲ್ಲ. ಮೂರಾಳು ಎತ್ತರದ ಬಂಡೆ. ಸಮುದ್ರ ಅದರ ಹೊಟ್ಟೆಗೆ ತೂತು ಕೊರೆದಿದೆ, ಇಬ್ಬರು ಅಕ್ಕಪಕ್ಕ ಈಜಿಕೊಂಡು ದಾಟುವಷ್ಟು. ಕೆಳಗೆ ಬಿಳಿ ಮರಳು, ಸುತ್ತ ಕಡಲಹುಲ್ಲು. ಒಂದು ಕಾಲಕ್ಕೆ ಇಲ್ಲೆಲ್ಲ ಸ್ಪಂಜು ಬೆಳೆಯುತ್ತಿತ್ತಂತೆ. ನಮ್ಮಪ್ಪನ ಕಾಲದವರು ಅದನ್ನೆಲ್ಲ ಕೊಯ್ದು ಮುಗಿಸಿದರು. ಈಗ ಮೊದಲ ಸಲ ಮುಳುಗುವ ಪ್ರವಾಸಿಗಳನ್ನು ಕರೆತರುವ ಜಾಗ. ಮಕ್ಕಳಿಗೆ ತೊಟ್ಟಿಲು ಇದ್ದ ಹಾಗೆ.

ಮುಕ್ಕಾಲು ಗಂಟೆ ಹುಡುಕಿದೆ. ಅರ್ಗಿರೋ ತನ್ನ ಬರೆಯುವ ಹಲಗೆ ಇಲ್ಲಿ ಬಿದ್ದುಹೋಯಿತು ಎಂದಿದ್ದಳು. ನೀರಿನೊಳಗೆ ಮಾತಾಡಲಾಗದ ಮುಳುಗುಗಾರರು ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಪ್ಲಾಸ್ಟಿಕ್ ಹಲಗೆ ಅದು, ಪೆನ್ಸಿಲಿನಲ್ಲಿ ಬರೆಯುವುದು. ನಿನ್ನೆ ಯಾರೂ ಅವಳ ಮಾತು ನಂಬಲಿಲ್ಲ. ಮರಳಿನ ಮೇಲೆ ಇರಲಿಲ್ಲ, ಹುಲ್ಲಿನಲ್ಲೂ ಇರಲಿಲ್ಲ.

ಆಮೇಲೆ ನನ್ನ ದಡ್ಡತನಕ್ಕೆ ನನಗೇ ಬೇಜಾರಾಯಿತು. ಈ ಊರಿನಲ್ಲಿ ಹುಟ್ಟಿದವಳು ಮೊದಲು ಹುಡುಕಬೇಕಾದದ್ದು ಆಕ್ಟೋಪಸ್ಸಿನ ಮನೆ. ಹೊಳೆಯುವುದು ಏನು ಸಿಕ್ಕಿದರೂ ಅದು ಎಳೆದುಕೊಂಡು ಹೋಗಿ ಬಾಗಿಲಿಗೆ ಅಡ್ಡ ಇಟ್ಟುಕೊಳ್ಳುತ್ತದೆ.

ಕಮಾನಿನ ಬುಡದಲ್ಲೊಂದು ಬಿರುಕು, ಅದರ ಮುಂದೆ ಚಿಪ್ಪುಗಳ ಗುಡ್ಡೆ. ಗುಡ್ಡೆಯ ನಡುವೆ ಹಲಗೆಯ ಬಿಳಿ ಮೂಲೆ. ಎಳೆದೆ. ಒಳಗಿನಿಂದ ಅದೂ ಎಳೆಯಿತು. ಇಬ್ಬರೂ ಸ್ವಲ್ಪ ಹೊತ್ತು ಜಗ್ಗಾಡಿದ ಮೇಲೆ ಅದು ಮಸಿ ಉಗುಳಿ ಕೈಬಿಟ್ಟಿತು.

ಹಲಗೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: “ತಲೆ ಸಿಡೀತಿದೆ. ಮೇಲೆ ಹೋಗ್ತೀನಿ. ನೀವೂ ಬನ್ನಿ.”

ಕೆಳಗೆ ಇನ್ನೊಂದು ಕೈಬರಹ, ದಪ್ಪನೆಯದು, ನೋಮಿಕೋಸನದು: “ನೀನು ಹೋಗು. ಹಗ್ಗ ಬಿಗಿದು ಬರ್ತೀನಿ.”

ಮೇಲೆ ಬಂದಾಗ ಪೊಲೀಸ್ ದೋಣಿಯಲ್ಲಿ ಪಂತಾಜಿಸ್ ಬ್ರೆಡ್ಡಿನೊಳಗೆ ಟೊಮೇಟೊ ತುರುಕಿಕೊಂಡು ತಿನ್ನುತ್ತಿದ್ದ. ನನ್ನ ಕೈಕೆಳಗಿನ ಸಾರ್ಜೆಂಟ್. ಒಳ್ಳೆಯವನು, ಅವಸರವೆಂದರೆ ಅವನಿಗೆ ಅಲರ್ಜಿ. ಹಲಗೆಯನ್ನು ಎರಡು ಸಲ ಓದಿದ.

“ಅಂದ್ರೆ ಇವಳು ಜೊತೆಗಾರನ್ನ ಬಿಟ್ಟು ಓಡಿ ಬಂದಿಲ್ಲ. ಅವನೇ ಹೋಗು ಅಂದಿದ್ದಾನೆ. ಬಿಟ್ಟುಬಿಡಬಹುದಲ್ವಾ ಮೇಡಂ?”

“ಬಿಟ್ಟು ಬಂದಳು ಅನ್ನೋದು ಹೋಯ್ತು. ಹೊಗೆ ತುಂಬಿದ ಗಾಳಿ ಕೊಟ್ಟಳು ಅನ್ನೋದು ಹಾಗೇ ಇದೆ.”

ಅದೇ ದೊಡ್ಡ ಗಂಟು. ನೋಮಿಕೋಸನ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಸಿಕ್ಕಿತ್ತು. ಎಂಜಿನ್ನಿನ ಹೊಗೆಯಲ್ಲಿರುವ ವಿಷ. ಬೆನ್ನಿನ ಸಿಲಿಂಡರಿನೊಳಗಿನ ಗಾಳಿಯಲ್ಲೇ ಅದು ಸೇರಿತ್ತು ಎಂದು ಆಸ್ಪತ್ರೆಯ ಡಾಕ್ಟರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ಮೊದಲು ತಲೆನೋವು, ಆಮೇಲೆ ಮಂಪರು, ಆಮೇಲೆ ಬಾಯಲ್ಲಿ ಕಚ್ಚಿದ ನಳಿಗೆ ಜಾರುತ್ತದೆ. ಅಷ್ಟಾದ ಮೇಲೆ ಎಂಟು ಮೀಟರೂ ಒಂದೇ, ಎಂಬತ್ತೂ ಒಂದೇ.

ಶಾಲೆಯಲ್ಲಿ ಸಿಲಿಂಡರ್ ತುಂಬಿಸುವವಳು ಅರ್ಗಿರೋ ಒಬ್ಬಳೇ.

ಠಾಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಅರ್ಗಿರೋ ಇಪ್ಪತ್ತೇಳರ ಹುಡುಗಿ. ಬಿಸಿಲಿಗೆ ಹುರಿದ ಮೂಗು, ಉಪ್ಪಿನಿಂದ ಸಿಕ್ಕುಗಟ್ಟಿದ ಕೂದಲು. ನಿನ್ನೆಯಿಂದ ಹಣೆ ಹಿಡಿದುಕೊಂಡೇ ಕೂತಿದ್ದಳು. ಅಳುವಿಗೆ ಬಂದ ತಲೆನೋವು ಅಂದುಕೊಂಡು ನಾವೆಲ್ಲ ಒಂದೊಂದು ಮಾತ್ರೆ ಕೊಟ್ಟು ಸುಮ್ಮನಾಗಿದ್ದೆವು. ಅವಳ ರಕ್ತ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಈಗ ನೋಡಿದರೆ ಏನೂ ಉಳಿದಿರುವುದಿಲ್ಲ. ಆ ತಪ್ಪು ನನ್ನದು.

ಹಲಗೆಯನ್ನು ಅವಳ ಮುಂದಿಟ್ಟೆ. ಅದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

“ನಾನು ಹೇಳಿದ್ನಲ್ಲ ಅಕ್ಕ. ಹೇಳಿದ್ನಲ್ಲ.”

“ಹೇಳ್ದೆ. ಈಗ ಸಿಲಿಂಡರ್ ವಿಷಯ ಹೇಳು. ಶಾಲೆ ಗೋಡೆ ಮೇಲಿನ ಪಟ್ಟೀಲಿ ಹದಿನಾಲ್ಕು ಗುರುತು, ಹದಿನಾಲ್ಕೂ ನಿನ್ನ ಕೈಯದ್ದೇ.”

“ತುಂಬಿಸಿದ್ದು ಹನ್ನೆರಡು.”

“ಮತ್ತೆ ಹದಿನಾಲ್ಕು ಗುರುತು ಯಾಕೆ?”

“ಬೆಳಿಗ್ಗೆ ದೋಣಿಗೆ ಹೋದಾಗ ಎರಡು ಆಗಲೇ ತುಂಬಿ ನಿಂತಿದ್ವು. ನಮ್ಮಿಬ್ಬರ ಜಾಗದಲ್ಲಿ. ಬಿರಡೆ ಇತ್ತು. ಬಿರಡೆ ಇದ್ರೆ ತುಂಬಿದೆ ಅಂತ ಅಲ್ವಾ? ನೋಮಿಕೋಸ್ ತುಂಬಿಸಿರಬೇಕು ಅಂದ್ಕೊಂಡು ಪಟ್ಟೀಲಿ ನಾನೇ ಗುರುತು ಹಾಕಿದೆ.”

ಈ ಊರಿನವರಿಗಲ್ಲದೆ ಬೇರೆಯವರಿಗೆ ಇದು ಹುಚ್ಚೆನ್ನಿಸಬಹುದು. ಬೇರೆ ಕಡೆ ತುಂಬಿದ ಸಿಲಿಂಡರಿನ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕುತ್ತಾರೆ, ಚೀಟಿ ಅಂಟಿಸುತ್ತಾರೆ. ನಾವು ಸ್ಪಂಜಿನ ಚೂರು ತುರುಕಿ ದಾರ ಸುತ್ತುತ್ತೇವೆ. ಸ್ಪಂಜು ಕತ್ತರಿಸುವ ಅಂಗಡಿಗಳಲ್ಲಿ ಚೂರು ಬೇಕಾದಷ್ಟು ಸಿಗುತ್ತದೆ. ಬಿರಡೆ ಕಂಡರೆ ತುಂಬಿದೆ, ಒಳ್ಳೆಯ ಕೈ ಮುಟ್ಟಿದೆ ಎಂದೇ ಅರ್ಥ. ಯಾರು ತುಂಬಿಸಿದ್ದು ಎಂದು ಕೇಳುವುದು ಬೈದ ಹಾಗೆ. ಯಾರೂ ಕೇಳುವುದಿಲ್ಲ.

“ಬಿರಡೆ ಹೇಗಿತ್ತು?”

ಅವಳು ಯೋಚಿಸಿದಳು. “ಕಂದು.”

“ನೀನು ಹಾಕೋದು?”

“ಹಳದಿ. ಅಂಗಡೀಲಿ ಬಿಳುಪು ಮಾಡಿದ್ದು. ಹನ್ನೆರಡೂ ಹಳದಿ.” ಅವಳ ದನಿ ಇಳಿಯಿತು. “ಕಂದು ನೋಡಿದೆ ಅಕ್ಕ. ನೋಡಿಯೂ ಕೇಳಲಿಲ್ಲ. ಉಸಿರೆಳೆದಾಗ ಪೆಟ್ರೋಲ್ ವಾಸನೆ ಬಂದಂಗಾಯ್ತು. ದೋಣಿ ಎಂಜಿನ್‌ದು ಅಂದ್ಕೊಂಡೆ. ನೋಮಿಕೋಸ್‌ಗೂ ಹೇಳಲಿಲ್ಲ.”

ಪ್ರವಾಸಿಗಳನ್ನು ದೋಣಿಯಲ್ಲೇ ಕೂರಿಸಿ ಇವರಿಬ್ಬರು ಮೊದಲು ಇಳಿದು ಜಾಗ, ಹಗ್ಗ ನೋಡಿಕೊಂಡು ಬರುವುದು ಪದ್ಧತಿ. ಹಾಗಾಗಿ ಆ ಹನ್ನೆರಡು ಜನ ನೀರಿಗೇ ಇಳಿದಿರಲಿಲ್ಲ. ಆ ಎರಡು ಸಿಲಿಂಡರ್ ಇವರಿಬ್ಬರಿಗಾಗಿಯೇ ಇಟ್ಟದ್ದು.

“ಬಿಚ್ಚಿದ ಬಿರಡೆ ಎಲ್ಲಿ ಹೋಗುತ್ತೆ?”

“ದೋಣಿ ನಡೆಸೋ ಸೆವಾಸ್ಟೋಸ್ ಹತ್ರ ಒಂದು ತಗಡಿನ ಡಬ್ಬಿ ಇದೆ. ಎಲ್ಲ ಅದರಲ್ಲಿ ಹಾಕಿಡ್ತಾನೆ.”

ಆ ಡಬ್ಬಿ ನಿನ್ನೆಯೇ ನಮ್ಮ ಕಪಾಟು ಸೇರಿತ್ತು. ತೆಗೆದು ಸುರಿದೆ. ಹನ್ನೆರಡು ಹಳದಿ. ಕಂದು ಒಂದೂ ಇಲ್ಲ.

ಅರ್ಗಿರೋ ಆ ಹನ್ನೆರಡನ್ನೇ ನೋಡುತ್ತ ಕೇಳಿದಳು, “ಹಡಗು ಮೂರಕ್ಕೇನಾ?”

“ಮೂರಕ್ಕೆ.”

“ಹತ್ತಿದ್ರೆ ನನ್ನ ಮುಳುಗೋ ಲೈಸೆನ್ಸ್ ಹೋಯ್ತು. ಬದುಕೂ ಹೋಯ್ತು. ಅಮ್ಮ ಬಂದ್ರೆ ಒಳಗೆ ಬಿಡಬೇಡಿ ಅಕ್ಕ. ಅವಳು ನನ್ನ ಹೀಗೆ ನೋಡಬಾರದು.”

“ಮೊದಲು ಏನಾದ್ರೂ ತಿನ್ನು. ಮನೆಯಿಂದ ಊಟ ಕಳಿಸ್ತೀನಿ,” ಎಂದೆ. ಪಂತಾಜಿಸ್ ಬಾಗಿಲಲ್ಲಿ ನಿಂತು ತಲೆಯಾಡಿಸಿದ.

ಸೆವಾಸ್ಟೋಸ್ ಕಟ್ಟೆಯ ಮೇಲೆ, ಸೀಲು ಹಾಕಿದ ಶಾಲೆಯ ದೋಣಿಯ ಎದುರೇ, ನೆರಳಿಲ್ಲದ ಕಡೆ ಕೂತಿದ್ದ. ಕಪ್ಪು ಅಂಗಿ. ಸತ್ತವನ ಹೆಂಡತಿಯ ಅಣ್ಣ. ಇಪ್ಪತ್ತು ವರ್ಷದಿಂದ ಆ ದೋಣಿ ನಡೆಸುವವನು. ನಾನೂ ಅವನೂ ಒಂದೇ ಶಾಲೆಯಲ್ಲಿ ಓದಿದವರು. ನಿನ್ನೆ ಹೆಣ ದಡ ಮುಟ್ಟುವ ಮೊದಲೇ ಅರ್ಗಿರೋಳ ಮೇಲೆ ದೂರು ಬರೆದುಕೊಟ್ಟವನೂ ಅವನೇ.

“ಬಾ ಆಫೀಸರಮ್ಮ,” ಎಂದ. “ಹುಡುಗೀನ ಹಡಗು ಹತ್ತಿಸೋದು ಬಿಟ್ಟು ಸಮುದ್ರಸ್ನಾನಕ್ಕೆ ಹೋಗಿದ್ಯಂತೆ.”

“ಸ್ನಾನ ಆಯ್ತು. ಈಗ ನಿನ್ನ ಹತ್ರ ಬಂದೆ.”

“ಆ ಹುಡುಗಿ ಊಟ ಮಾಡಿದ್ಲಾ?”

“ಮಾಡಿಲ್ಲ. ಮನೆಯಿಂದ ಕಳಿಸ್ಬೇಕು. ಸೆವಾಸ್ಟೋಸ್, ನಿನ್ನ ಡಬ್ಬೀಲಿ ಎರಡು ಬಿರಡೆ ಕಡಿಮೆ ಇದೆ.”

ಅವನು ಸಿಗರೇಟು ಸುತ್ತುತ್ತಿದ್ದ. ಕೈ ನಿಲ್ಲಲಿಲ್ಲ. “ಗಾಳಿಗೆ ಹಾರಿರುತ್ತೆ.”

“ನಿನ್ನೆ ಗಾಳಿ ಎಲ್ಲಿತ್ತು? ಬಾವುಟ ಅಲ್ಲಾಡ್ತಿರಲಿಲ್ಲ.”

“ಹಾಗಾದ್ರೆ ಮೀನು ತಿಂದಿರುತ್ತೆ.”

“ಕಂದು ಬಿರಡೆ. ನೀನೇ ಬಿಚ್ಚಿದ್ದು. ನೋಮಿಕೋಸನ ಸಿಲಿಂಡರ್‌ಗೆ ನಳಿಗೆ ತಿರುಪಿದ್ದೂ ನೀನೇ. ಹನ್ನೆರಡು ಜನ ಪ್ರವಾಸಿಗಳು ನೋಡಿದ್ದಾರೆ.”

“ಥೆಮೆಲೀನಾ, ಬಿಡು.”

“ಏನನ್ನ ಬಿಡಲಿ?”

“ನನ್ನ ತಂಗಿ ಗಂಡ ಸತ್ತ. ಕೊಂದವಳು ಬೆಂಚಿನ ಮೇಲೆ ಕೂತಿದ್ದಾಳೆ. ಸಹಿ ಹಾಕಿ ಮನೆಗೆ ಹೋಗಿ ಮಲ್ಕೋ. ನಿನ್ನ ಮುಖ ನೋಡ್ಕೊಂಡಿದ್ದೀಯಾ? ಮೂರು ದಿನದಿಂದ ಬಿಸಿಲಲ್ಲಿ ಬಿದ್ದಿರೋ ಟೊಮೇಟೊ ಥರ ಆಗಿದೆ.”

“ಅವಳು ಕೊಂದಿಲ್ಲ. ಅವಳಿಗೂ ಅದೇ ಗಾಳಿ ಹೋಗಿದೆ. ಹತ್ತು ನಿಮಿಷ ಮೊದಲು ಮೇಲೆ ಬಂದಳು, ಅದಕ್ಕೆ ಬದುಕಿದಳು. ಬಿರಡೆ ಎಲ್ಲಿ?”

ಸಿಗರೇಟು ಹಚ್ಚಿದ. ಒಂದು ದಮ್ಮು ಎಳೆದ. ಆಮೇಲೆ ನನ್ನ ಕಡೆ ತಿರುಗಿದ. ಆ ನೋಟದಲ್ಲಿ ಕೋಪ ಇರಲಿಲ್ಲ. ಕನಿಕರ ಇತ್ತು. ನನಗೆ ಭಯವಾದದ್ದು ಆಗಲೇ.

“ಕೇಳಬೇಡ ಅಂದೆ. ನೀನು ಕೇಳದೆ ಬಿಡಲಿಲ್ಲ,” ಎನ್ನುತ್ತ ಅಂಗಿಯ ಜೇಬಿನಿಂದ ಒಂದು ಬಿರಡೆ ತೆಗೆದು ನನ್ನ ಅಂಗೈಯಲ್ಲಿಟ್ಟ. “ಇನ್ನೊಂದನ್ನ ಸಮುದ್ರಕ್ಕೆ ಎಸೆದೆ. ಇದನ್ನೂ ಎಸೀಬೇಕಿತ್ತು. ಮನಸ್ಸು ಬರಲಿಲ್ಲ.”

ಬಿಳುಪು ಕಾಣದ ಕಂದು ಸ್ಪಂಜು. ಹೆಬ್ಬೆರಳಿನಷ್ಟು ದಪ್ಪ. ಸುತ್ತ ಮೇಣ ಹಚ್ಚಿದ ದಾರ. ನಾನು ಎಣಿಸಲಿಲ್ಲ. ಎಣಿಸುವ ಅಗತ್ಯವೇ ಇರಲಿಲ್ಲ. ಏಳು ಸುತ್ತು.

ಈ ದ್ವೀಪದಲ್ಲಿ ಬಿರಡೆಗೆ ಏಳು ಸುತ್ತು ಹಾಕುವವರು ಒಬ್ಬರೇ. ಅವರ ದೋಣಿಯಲ್ಲಿ ಹೋಗಿ ಹಿಂದಿರುಗದ ಏಳು ಜನರಿಗೆ ಒಂದೊಂದು ಸುತ್ತು. ನಾನು ಚಿಕ್ಕವಳಿದ್ದಾಗ ಅವರ ತೊಡೆಯ ಮೇಲೆ ಕೂತು ಆ ದಾರದ ತುದಿ ಹಿಡಿದುಕೊಳ್ಳುತ್ತಿದ್ದೆ. ಒಂದೊಂದು ಸುತ್ತಿಗೆ ಒಂದೊಂದು ಹೆಸರು ಹೇಳುತ್ತಿದ್ದರು.

ಊರೆಲ್ಲ ಬಾರ್ಬಾ, ಅಂದರೆ ದೊಡ್ಡಪ್ಪ, ಎಂದು ಕರೆಯುವ ಥಿಯೊಫೀಲೋಸ್. ನಮ್ಮಪ್ಪ.

“ಹದಿನೇಳು ವರ್ಷದವನಿದ್ದಾಗ ನಾನು ಕೆಳಗೆ ಇಳಿದ್ರೆ ಮೇಲೆ ನನ್ನ ಹಗ್ಗ ಹಿಡಿದು ಕೂರ್ತಿದ್ದವರು ಬಾರ್ಬಾ,” ಎಂದ ಸೆವಾಸ್ಟೋಸ್. “ಒಂದು ಸಲ ಉಸಿರು ನಿಂತಿತ್ತು, ಎಳೆದು ಹಾಕಿದ್ರು. ಅವರನ್ನ ನಾನು ಹಿಡ್ಕೊಡಲ್ಲ. ಆ ಹುಡುಗಿಗೆ ವಯಸ್ಸಿದೆ, ಎರಡು ವರ್ಷ ಒಳಗಿದ್ದು ಬರ್ತಾಳೆ. ಎಂಬತ್ತೊಂದರ ಮುದುಕರು ತಡ್ಕೋತಾರಾ?”

ಸುತ್ತ ಜನ ಓಡಾಡುತ್ತಿದ್ದರು. ಯಾರೋ ಐಸ್‌ಕ್ರೀಮ್ ಕೊಳ್ಳುತ್ತಿದ್ದರು. ಸಾಕ್ಷ್ಯ ಸಿಕ್ಕಿದ ಕೂಡಲೇ ಲಕೋಟೆಗೆ ಹಾಕಿ, ಬರೆದು, ಸೀಲು ಹಾಕಬೇಕು. ಮೂವತ್ತು ವರ್ಷ ನಾನೇ ಎಲ್ಲರಿಗೂ ಪಾಠ ಹೇಳಿಕೊಟ್ಟಿದ್ದೇನೆ.

ಬಿರಡೆಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

ಸೆವಾಸ್ಟೋಸ್ ನೋಡಿದ.

ಮನೆಗೆ ಹತ್ತುವ ಮೆಟ್ಟಿಲು ನೂರಾ ಹನ್ನೆರಡು. ದಿನವೂ ಬೈದುಕೊಂಡು ಹತ್ತುತ್ತೇನೆ. ಇವತ್ತು ಬೈಯುವಷ್ಟು ಶಕ್ತಿಯೂ ಇರಲಿಲ್ಲ. ಅಪ್ಪನ ಪೆಟ್ರೋಲ್ ಕಂಪ್ರೆಸರ್, ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ, ಮನೆಯ ಹಿತ್ತಲಿನಲ್ಲಿದೆ. ಪರವಾನಗಿ ಇಲ್ಲ. ಊರಿನ ಮೀನುಗಾರರು ಆಗೀಗ ಬಂದು ಸಿಲಿಂಡರ್ ತುಂಬಿಸಿಕೊಂಡು ಹೋಗುತ್ತಾರೆ. ಬಂದರು ಪೊಲೀಸಿನವಳ ಮನೆಯಲ್ಲೇ! ಆ ಯಂತ್ರ ಕಿತ್ತುಕೊಂಡರೆ ಅಪ್ಪನಿಗೆ ಏನೂ ಉಳಿಯುವುದಿಲ್ಲವೆಂದು ನಾನೇ ಕಣ್ಣು ಮುಚ್ಚಿಕೊಂಡಿದ್ದೆ.

ಅಪ್ಪ ದ್ರಾಕ್ಷಿ ಚಪ್ಪರದ ಕೆಳಗೆ ಗಾಲಿಕುರ್ಚಿಯಲ್ಲಿದ್ದರು. ಇಪ್ಪತ್ತಾರನೇ ವಯಸ್ಸಿನಲ್ಲಿ ಆಳದಿಂದ ಬೇಗ ಮೇಲೆ ಬಂದು ಕಾಲಿನ ಸ್ವಾಧೀನ ಕಳೆದುಕೊಂಡವರು. ಬೆಳಗಿನ ಕಾಫಿ ಲೋಟದಲ್ಲಿ ಹಾಗೇ ಇತ್ತು.

ಬಿರಡೆಯನ್ನು ತೆಗೆದು ಅವರ ಮಡಿಲಲ್ಲಿಟ್ಟೆ.

“ಗೊತ್ತು,” ಎಂದರು. “ಹೊಗೆ ಅಂತ ಪಕ್ಕದ ಮನೆಯವಳು ಇವತ್ತು ಬೆಳಿಗ್ಗೆ ಹೇಳಿದ್ಲು. ಆಗಿಂದ ನಿನಗೇ ಕಾಯ್ತಾ ಇದ್ದೆ. ಆ ಎರಡೂ ನಾನೇ ತುಂಬಿಸಿದ್ದು.”

“ಹೊಗೆ ಹೇಗೆ ಹೋಯ್ತಪ್ಪ?”

“ಗಾಳಿ ತಿರುಗಿತು ಮಗಳೇ. ಮೊನ್ನೆ ಸಂಜೆ. ಆಗಸ್ಟ್ ಪೂರ್ತಿ ಗಾಳಿ ಉತ್ತರದಿಂದ ಬೀಸುತ್ತೆ. ಗಾಳಿ ಎಳೆಯೋ ಪೈಪು ಉತ್ತರದ ಅಂಜೂರದ ಗಿಡಕ್ಕೆ, ಎಂಜಿನ್ ಹೊಗೆ ದಕ್ಷಿಣಕ್ಕೆ. ಐವತ್ತು ವರ್ಷದಿಂದ ಹಾಗೇ. ಮೊನ್ನೆ ಉತ್ತರದ ಗಾಳಿ ಬಿದ್ದುಹೋಗಿ ದಕ್ಷಿಣದ್ದು ಎದ್ದಿದೆ. ಹೊಗೆ ಹಿಂದಕ್ಕೆ ಬಂದು ಪೈಪಿಗೆ ಹೋಗಿದೆ. ನನ್ನ ಮೂಗಿಗೆ ಗೊತ್ತಾಗಲಿಲ್ಲ. ಮುದುಕ ಆಗಿಬಿಟ್ಟೆ.”

ಅಪ್ಪ ಅತ್ತದ್ದನ್ನು ನಾನು ಅಮ್ಮ ಸತ್ತ ದಿನ ಬಿಟ್ಟರೆ ನೋಡಿರಲಿಲ್ಲ. ಈಗ ಕಣ್ಣೀರು ಮೀಸೆಗೆ ಇಳಿಯುತ್ತಿತ್ತು. ನನಗೆ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತು ಎಲ್ಲ ಮರೆತು ನಿದ್ದೆ ಮಾಡಬೇಕೆನಿಸಿತು.

“ಬರ್ಕೋ,” ಎಂದರು. “ನನ್ನ ಹೆಸರು ಬರ್ಕೋ. ಆ ಮಗು ಯಾಕೆ ಹಡಗು ಹತ್ತಬೇಕು?”

ಐವತ್ತು ವರ್ಷ ಒಂದೇ ದಿಕ್ಕಿನ ಗಾಳಿ ನಂಬಿದವರು ಮಾಡುವ ತಪ್ಪು. ನಿಜವೆಂದೇ ಅನ್ನಿಸಿತು. ಆದರೂ ಎದ್ದು ಹಿತ್ತಲಿಗೆ ಹೋದೆ. ಪೊಲೀಸ್ ಕಾಲು, ಸುಸ್ತಾದರೂ ಹೋಗುತ್ತದೆ.

ಪೈಪು ಅಂಜೂರದ ಕೊಂಬೆಗೆ ಕಟ್ಟಿತ್ತು, ಇರಬೇಕಾದ ಕಡೆಯೇ. ಬಾಯಿಗೆ ಕಟ್ಟಿದ ಜಾಲರಿ ಮುಟ್ಟಿದೆ. ಬೆರಳು ಕಪ್ಪಾಯಿತು. ತಿರುಗಿಸಿ ನೋಡಿದೆ. ಪೈಪಿನ ರಬ್ಬರು ಒಂದು ಕಡೆ ಕರಗಿ, ಮತ್ತೆ ಗಟ್ಟಿಯಾಗಿ, ಮೇಣದ ಬತ್ತಿಯ ಹಾಗೆ ಇಳಿಬಿದ್ದಿತ್ತು.

ಐದು ಮೀಟರ್ ದೂರದಿಂದ ತೇಲಿ ಬರುವ ಹೊಗೆ ರಬ್ಬರು ಕರಗಿಸುವುದಿಲ್ಲ. ಎಂಜಿನ್ನಿನ ಹೊಗೆ ಉಗುಳುವ ಕೊಳವೆಗೆ ಈ ಪೈಪಿನ ಬಾಯಿಯನ್ನು ಯಾರೋ ಒತ್ತಿ ಹಿಡಿದಿದ್ದಾರೆ. ಕೆಲಸ ಮುಗಿದ ಮೇಲೆ ಜೋಪಾನವಾಗಿ ಮತ್ತೆ ಗಿಡಕ್ಕೆ ಕಟ್ಟಿದ್ದಾರೆ.

ಓಡುತ್ತ ಬಂದೆ. ಮಂಡಿ ನೆನಪಾಗಲಿಲ್ಲ.

“ಅಪ್ಪ, ಎಂಜಿನ್ ಓಡ್ತಿದ್ದಾಗ ನೀವು ಅಲ್ಲೇ ಇದ್ರಾ?”

“ಇದ್ದೆ. ಮಧ್ಯೆ ಒಂದಿಷ್ಟು ಹೊತ್ತು ಇರಲಿಲ್ಲ. ಒಳಗೆ ಕಾಫಿ ಮಾಡ್ತಿದ್ದೆ.”

“ಯಾರಿಗೆ ಕಾಫಿ?”

“ಸಿಲಿಂಡರ್ ತಂದವನಿಗೆ. ನಿಮ್ಮ ಕೈಯ ಕಾಫಿ ಕುಡಿದು ವರ್ಷ ಆಯ್ತು ಬಾರ್ಬಾ, ಯಂತ್ರ ನಾನು ನೋಡ್ಕೋತೀನಿ, ನೀವು ಒಳಗೆ ಹೋಗಿ ಅಂದ. ಈ ಕುರ್ಚೀಲಿ ಒಂದು ಕಾಫಿ ಮಾಡೋಕೆ ನನಗೆ ಇಪ್ಪತ್ತು ನಿಮಿಷ ಬೇಕು, ಗೊತ್ತಲ್ಲ. ಬಂದು ಬಿರಡೆ ನಾನೇ ಹಾಕಿದೆ.”

“ನೋಮಿಕೋಸ್ ಅಲ್ವಾ ತಂದಿದ್ದು?”

“ಅವನೆಲ್ಲಿ ಬರ್ತಾನೆ? ಶಾಲೆ ಕಂಪ್ರೆಸರ್ ಕೆಟ್ಟಿದೆ, ನೋಮಿಕೋಸ್ ಕಳಿಸಿದ ಅಂತ ಸೆವಾಸ್ಟೋಸ್ ತಂದಿದ್ದ.”

ಶಾಲೆಯ ಕಂಪ್ರೆಸರ್ ಕೆಟ್ಟಿರಲಿಲ್ಲ. ಅದರಲ್ಲೇ ಅರ್ಗಿರೋ ಹನ್ನೆರಡು ತುಂಬಿಸಿದ್ದಳು.

ಶಾಲೆಯನ್ನೂ ದೋಣಿಯನ್ನೂ ಅರ್ಗಿರೋಳಿಗೇ ವಹಿಸುತ್ತೇನೆಂದು ನೋಮಿಕೋಸ್ ಹಬ್ಬದ ದಿನ ಎಲ್ಲರೆದುರು ಹೇಳಿದ್ದು, ಸೆವಾಸ್ಟೋಸ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಆಗ ನೆನಪಾಯಿತು. ಎರಡು ಸಿಲಿಂಡರ್, ಇಬ್ಬರು ಜನ. ಒಬ್ಬ ಸತ್ತ. ಇನ್ನೊಬ್ಬಳು ಬದುಕಿದಳು, ಅವಳಿಗೆ ಜೈಲು. ಮುದುಕನ ಬಿರಡೆಯೊಂದನ್ನು ಎಸೆಯದೆ ಇಟ್ಟುಕೊಂಡದ್ದು ಕನಿಕರಕ್ಕಲ್ಲ. ನನಗಾಗಿ ಇಟ್ಟುಕೊಂಡದ್ದು. ನಾನು ಅದನ್ನು ಜೇಬಿಗೆ ಹಾಕಿಕೊಳ್ಳುವುದನ್ನು ಅವನು ನೋಡಬೇಕಿತ್ತು, ನೋಡಿದ.

ಈಗ ಬಾಯಿ ಬಿಟ್ಟರೆ ಅಪ್ಪ ಕಟಕಟೆಗೆ, ನಾನು ಕೆಲಸದಿಂದ ಹೊರಗೆ. ಸೆವಾಸ್ಟೋಸನ ವಿರುದ್ಧ ಇರುವುದು ಕರಗಿದ ಒಂದು ಪೈಪು, ಅದೂ ನಮ್ಮದೇ ಹಿತ್ತಲಿನದು. ಬಾಯಿ ಬಿಡದಿದ್ದರೆ ಆ ಹುಡುಗಿ ಇನ್ನು ಅರ್ಧ ಗಂಟೆಗೆ ಹಡಗಿನಲ್ಲಿ.

“ಏನು ಯೋಚನೆ ಮಾಡ್ತಿದ್ದೀಯಾ?” ಎಂದರು ಅಪ್ಪ. “ಹಗ್ಗ ಹಿಡಿದವನು ಯೋಚನೆ ಮಾಡ್ತಾ ಕೂತ್ರೆ ಕೆಳಗಿದ್ದವನು ಸಾಯ್ತಾನೆ. ಮೊದಲು ಎಳಿ. ಆಮೇಲೆ ಅಳು.”

ಫೋನು ತೆಗೆದೆ.

“ಪಂತಾಜಿಸ್, ಆ ಕಾಗದ ಹರಿದು ಹಾಕು. ಅರ್ಗಿರೋ ಹಡ‌ಗು ಹತ್ತಲ್ಲ. ನಾನು ಹೇಳೋದನ್ನ ಬರ್ಕೋ. ಸಿಲಿಂಡರ್ ತುಂಬಿದ್ದು ನಮ್ಮ ಮನೇಲಿ, ನಮ್ಮಪ್ಪನ ಯಂತ್ರದಲ್ಲಿ. ತಂದವನು ಸೆವಾಸ್ಟೋಸ್. ಒಂದು ಬಿರಡೆ ಸಾಕ್ಷ್ಯ ಇದೆ. ಅದನ್ನ ನಾನು ಒಂದು ಗಂಟೆ ಹೊತ್ತು ಮುಚ್ಚಿಟ್ಟುಕೊಂಡಿದ್ದೆ. ಅದನ್ನೂ ಬರ್ಕೋ.”

ಆ ಕಡೆಯಿಂದ ಪೆನ್ನಿನ ಸದ್ದು ಬರಲಿಲ್ಲ.

“ಬರ್ಕೊಂಡ್ಯಾ?”

“ಮೇಡಂ,” ಎಂದ ಪಂತಾಜಿಸ್. “ಸ್ವಲ್ಪ ತಡ ಆಯ್ತು.”

“ಇನ್ನೂ ಎರಡೂವರೆ. ಹಡಗೇ ಬಂದಿಲ್ಲ.”

“ಹಡಗಿನ ವಿಷಯ ಅಲ್ಲ. ಹುಡುಗಿ ಈಗ ಹತ್ತು ನಿಮಿಷದ ಕೆಳಗೆ ಕಾಗದ ಕೇಳಿ ತಾನೇ ಬರೆದುಕೊಟ್ಟಳು. ಬೇಕಂತಲೇ ನಾನೇ ಹೊಗೆ ತುಂಬಿಸಿದೆ, ಬೇರೆ ಯಾರದ್ದೂ ತಪ್ಪಿಲ್ಲ ಅಂತ. ಸಹಿಯೂ ಹಾಕಿದ್ದಾಳೆ. ಕೋಸ್‌ಗೆ ಫ್ಯಾಕ್ಸ್ ಹೋಯ್ತು.”

ತುಂಬಿಸಿದ್ದು ಹನ್ನೆರಡೇ ಎಂದು ಈಗಷ್ಟೇ ನನ್ನೆದುರು ಹೇಳಿದ್ದ ಹುಡುಗಿ.

“ಪಂತಾಜಿಸ್, ಅವಳನ್ನ ನೋಡೋಕೆ ಯಾರು ಬಂದಿದ್ರು? ಅವಳಮ್ಮನಾ?”

“ಅಯ್ಯೋ, ಯಾರನ್ನೂ ಬಿಟ್ಟಿಲ್ಲ ಮೇಡಂ. ನೀವು ಊಟ ಕಳಿಸಿದ್ರಲ್ಲ, ಅದನ್ನ ತಂದ ಸೆವಾಸ್ಟೋಸ್ ಬಿಟ್ರೆ ಬೇರೆ ಯಾರೂ ಇಲ್ಲ. ಐದು ನಿಮಿಷ ಪಕ್ಕದಲ್ಲಿ ಕೂತು, ತಿನ್ನು ಅಂತ ಸಮಾಧಾನ ಹೇಳಿ, ಅವಳಮ್ಮನ ವಿಷಯ ಮೆಲ್ಲಗೆ ಏನೋ ಮಾತಾಡಿ ಹೋದ, ಪಾಪ.”

ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನವಿದ್ದ ಪಾತ್ರೆ ಒಲೆಯ ಮೇಲೆ, ನಾನು ಬೆಳಿಗ್ಗೆ ಮುಚ್ಚಿಟ್ಟು ಹೋದ ಹಾಗೇ ಇತ್ತು.